ಚಹಾದ ಧಾಟಿ

ಮಲ್ಕಾಜ್‌ಗಿರಿ
11 ಜೂನ್ 2006

ಚಿ. ತೇಜಸ್ವಿನಿಗೆ ಮಾಮಾ ಕಲ್ಯಾಣಪ್ಪನ ಆಶೀರ್ವಾದ.

ಇಲ್ಲಿ ನಾನು ಪೂರ್ತಿ ಕ್ಷೇಮ. ನಿನ್ನ ಅತ್ತಿ ಸುಭದ್ರಾ ನನ್ನ ದೆಸೆಯಿಂದ ಮುಕ್ಕಾಲು ಕ್ಷೇಮ.

ನಿನ್ನ ಕಂಪನಿಯವರು ನಿನ್ನನ್ನು ಪುಣೆಗೆ ಎತ್ತಿ ಹಾಕಿದಾಗ ನಮ್ಮ ಮನೆಯಲ್ಲಿ ಬಿಟ್ಟುಹೋದೆಯಲ್ಲ, ಆ ಕಂಪ್ಯೂಟರ್ ಮತ್ತು ಆ ಆ್ಯಂಪ್ ಮಾಡೆಲರ್ ಡಬ್ಬಿ, ಎರಡನ್ನೂ ಸೋಲಿಸಿದ್ದೇನೆ. ಸೇಡಂ ಕಡೆಯ ಹಳ್ಳಿಶಾಲೆಯಲ್ಲಿ ಏಳನೇ ಕ್ಲಾಸಿಗೆ ಬೆನ್ನು ತೋರಿಸಿದವನು ಇಷ್ಟು ಮಾಡಿದ್ದನ್ನು ನಿಮ್ಮ ಹೈಟೆಕ್ ಸಿಟಿಯ ಗಾಜಿನ ಕಟ್ಟಡಗಳಲ್ಲಿ ಹೇಳು. ಎಲ್ಲರೂ ಎದ್ದು ನಿಲ್ಲಲಿ.

ನಮ್ಮ ಆರ್ಕೆಸ್ಟ್ರಾ ಕಾಲದಲ್ಲಿ ಗಿಟಾರಿನ ಧ್ವನಿ ದೊಡ್ಡದು ಮಾಡುವ ಆ್ಯಂಪ್ ಎತ್ತಲು ಇಬ್ಬರು ಹಮಾಲರು ಬೇಕಿತ್ತು. ನಿನ್ನ ಡಬ್ಬಿ ಊಟದ ಡಬ್ಬಿಯಷ್ಟಿದೆ, ಆದರೆ ಹಗಲುವೇಷದವನ ಹಾಗೆ. ಒಂದು ಗುಂಡಿ ತಿರುಗಿಸಿದರೆ ಮೈದಾನ ತುಂಬುವ ಆ್ಯಂಪಿನ ಧ್ವನಿ ಮಾಡುತ್ತದೆ, ಇನ್ನೊಂದು ತಿರುಗಿಸಿದರೆ ಪರದೆ ಹರಿದ ಹಳೇ ಸ್ಪೀಕರಿನದು. ಎಲ್ಲವೂ ಹೆಡ್‌ಫೋನಿನೊಳಗೆ. ಮನೆಯ ಮಾಲಕಿ ಸತ್ಯಭಾಮಾ ಸಾಫ್ಟ್‌ವೇರ್ ಹುಡುಗರಿಗೆಂದು ನಮ್ಮ ತಲೆಯ ಮೇಲೆ ಹೊಸ ಮಹಡಿ ಕಟ್ಟಿಸುತ್ತಿದ್ದಾಳೆ. ಡ್ರಿಲ್ ಮಷಿನ್ ಹಗಲೆಲ್ಲ ಕೊರೆಯುತ್ತದೆ. ರೆಕಾರ್ಡಿಂಗಿನಲ್ಲಿ ಅದರ ಒಂದು ಚೂರೂ ಇಲ್ಲ. ನಿನ್ನೆ ಆಕೆ ಬಾಗಿಲಿಗೆ ಬಂದು, "ಕಲ್ಯಾಣಪ್ಪಗಾರೂ, ಗಿಟಾರ್ ಮಾನೇಶಾರಾ?" ಅಂದಳು. ನುಡಿಸುವುದು ಬಿಟ್ಟಿರಾ ಎಂದು ನನ್ನನ್ನು ಕೇಳುತ್ತಾಳೆ! ಅದೇ ಹೊತ್ತಿಗೆ ನಾನು ಹೆಡ್‌ಫೋನಿನೊಳಗೆ ಚಾರ್‌ಮಿನಾರ್ ಅಲುಗುವ ಹಾಗೆ ನುಡಿಸುತ್ತಿದ್ದೆ.

ಈಗ ಮುಖ್ಯ ಮಾತು. ನಿನಗೆ ಗೊತ್ತಿರುವ ಕಥೆಯೇ, ಆದರೆ ಹೇಳಿದರೆ ನನ್ನ ಬಾಯಿಗೆ ರುಚಿ. ಗಣಪತಿ ಪೆಂಡಾಲಿನಲ್ಲಿ ನಮ್ಮ ಹಾಡುವವರು ನಡುವೆ ಚಹಾಕ್ಕೆ ಎದ್ದು ಹೋಗುತ್ತಿದ್ದರು. ಅವರು ಬರುವ ತನಕ ಜನ ಏಳದ ಹಾಗೆ ನೋಡಿಕೊಳ್ಳುವುದು ಲೀಡ್ ಗಿಟಾರಿನವನ ಕೆಲಸ. ಆಗ ನಾನು ನುಡಿಸುತ್ತಿದ್ದದ್ದೇ ಚಹಾದ ಧಾಟಿ. ನನ್ನ ಕಲ್ಕತ್ತಾ ಗಿಟಾರಿನ ತಂತಿಯ ಧ್ವನಿ ಹಿಡಿಯುವ ಪಿಕಪ್ಪಿನಲ್ಲಿ ಮೇಣ ಒಣಗಿ, ಅದು ಅರ್ಧ ಮೈಕು ಆಗಿತ್ತಲ್ಲ, ತಂತಿಯ ಹತ್ತಿರ ಬಾಯಿಟ್ಟು "ಚಾಯ್, ಗರಂ ಚಾಯ್!" ಎಂದು ಕೂಗಿದರೆ ಸ್ಪೀಕರಿನಿಂದ ಬರುತ್ತಿತ್ತು. ಪೆಂಡಾಲೆಲ್ಲ ನಗುತ್ತಿತ್ತು. ಆಗ ನುಡಿಸಿದ ಉಳಿದ ಹಾಡುಗಳೆಲ್ಲ ಯಾರ್ಯಾರದೋ. ಇದೊಂದೇ ನನ್ನದು. ಇದನ್ನು ಯಾರೂ ರೆಕಾರ್ಡ್ ಮಾಡಲಿಲ್ಲ.

ಮೊದಲಿನ ಭಾಗವನ್ನು ಈ ಸಿಡಿಯಲ್ಲಿ ಹಾಕಿದ್ದೇನೆ. ನಡುವಿನದು ಬರುತ್ತದೆ. ಕೊನೆಯಂತೂ, ನೀನು ಕೇಳಿಲ್ಲ, ಭಾರಿ ಇದೆ. ಗಿಟಾರಿನ ಕುತ್ತಿಗೆ ಹಿಡಿದು ಮೇಲಿನ ತನಕ ಏರುವುದು. ದೀಪಾವಳಿಯೊಳಗೆ ಇಡೀ ಧಾಟಿ ನಿನ್ನ ಕೈಯಲ್ಲಿ. ಇದು ನನ್ನ ಮಾತು.

ಫೋನ್ ಮಾಡಬೇಡ. ಫೋನಿನಲ್ಲಿ ನೀನು ಪ್ರಶ್ನೆ ಕೇಳುತ್ತೀ.

ಇಂತಿ, ಹೈದರಾಬಾದಿನ ಏಕೈಕ ಲೀಡ್ ಗಿಟಾರಿಸ್ಟ್,
ಕಲ್ಯಾಣಪ್ಪ

ತಾ.ಕ.: ಬರುವ ಪಾರ್ಸಲಿನಲ್ಲಿ ಸ್ವಲ್ಪ ತೆಳು ತಂತಿ ಕಳಿಸು. ಈಗಿನ ತಂತಿಗಳು ಮೊದಲಿನ ಹಾಗಿಲ್ಲ, ಬಲು ಬಿರುಸು.

*

ಪುಣೆ
2 ಜುಲೈ 2006

ಪ್ರೀತಿಯ ಮಾಮಾ,

ಸಿಡಿ ಕೇಳಿದೆ. ಆಫೀಸಿನ ಬಸ್ಸಿನಲ್ಲಿ ಕೇಳುತ್ತ ನಾನು ಇಳಿಯುವ ಸ್ಟಾಪೇ ದಾಟಿಹೋಯಿತು. ಇದಕ್ಕಿಂತ ಹೆಚ್ಚು ಹೊಗಳಿದರೆ ನಿಮ್ಮನ್ನು ಮನೆಯಲ್ಲಿ ಹಿಡಿಯುವವರಿಲ್ಲ.

ಒಂದು ಕೆಲಸ ಮಾಡಿ. ಡಬ್ಬಿ ಎರಡು ಧ್ವನಿ ಕೊಡುತ್ತದೆ. ಒಂದು ಆ್ಯಂಪಿನ ವೇಷ ಹಾಕಿದ್ದು. ಇನ್ನೊಂದು ತಂತಿಯಿಂದ ಬಂದ ಹಾಗೇ ಇರುವ ಬರೀ ಧ್ವನಿ, ಅದಕ್ಕೆ ಡ್ರೈ ಟ್ರ್ಯಾಕ್ ಅನ್ನುತ್ತಾರೆ. ಎರಡನ್ನೂ ರೆಕಾರ್ಡ್ ಮಾಡಿ ಕಳಿಸಿ. ನನ್ನ ಲ್ಯಾಪ್‌ಟಾಪಿನಲ್ಲಿ ಡಬ್ಬಿಯದೇ ಕೆಲಸ ಮಾಡುವ ಸಾಫ್ಟ್‌ವೇರ್ ಇದೆ. ಡ್ರೈ ಟ್ರ್ಯಾಕ್ ಇದ್ದರೆ ಬೇಕಾದ ಆ್ಯಂಪನ್ನು ನಾನು ಇಲ್ಲಿ ಹಾಕಿಕೊಳ್ಳಬಹುದು.

ತಂತಿ ಕಳಿಸಿದ್ದೇನೆ. ಮಾಮಾ, ನಾನು ಅಲ್ಲಿದ್ದಾಗ ಮೆಟ್ಟಿಲ ಮೇಲೆ ನಿಮ್ಮ ಚಪ್ಪಲಿ ಕಾಲಿನಿಂದ ಜಾರಿ ಬಿದ್ದರೂ ನಿಮಗೆ ಗೊತ್ತಾಗುತ್ತಿರಲಿಲ್ಲ. ಬರಿಗಾಲಲ್ಲಿ ಬೀದಿಯ ತನಕ ಹೋಗುತ್ತಿದ್ದಿರಿ. ಡಾಕ್ಟರಿಗೆ ತೋರಿಸಿದಿರಾ?

ನಿಮ್ಮ ತೇಜು

*

ಮಲ್ಕಾಜ್‌ಗಿರಿ
20 ಆಗಸ್ಟ್ 2006

ಚಿ. ತೇಜುಗೆ ಆಶೀರ್ವಾದ.

ನಿನ್ನ ಡ್ರೈ ಟ್ರ್ಯಾಕ್ ಕೇಳಿದೆ. ಒಗ್ಗರಣೆ ಇಲ್ಲದ ಸಾರು. ಟಿಣ್ ಟಿಣ್ ಎಂದು ಪಾತ್ರೆ ಅಂಗಡಿಯ ಸಪ್ಪಳ. ಇದನ್ನು ಕೇಳುವ ಕರ್ಮ ನನಗೆ ಬೇಡ. ನೀನು ಹೇಳಿದ್ದಕ್ಕೆ, ಮೊದಲಿನ ಭಾಗವನ್ನೂ ತಿರುಗಿ ನುಡಿಸಿ, ರೆಕಾರ್ಡ್ ಮಾಡಿ ಹಾಗೇ ಕಳಿಸುತ್ತೇನೆ, ತಿರುಗಿ ನೋಡುವುದಿಲ್ಲ. ಡಬ್ಬಿಯ ಧ್ವನಿಯೇ ನನಗೆ ಸರಿ. ಅದರಲ್ಲಿ ಗೇಟ್ ಎಂಬುದೊಂದಿದೆ, ಎಂಥ ಮರ್ಯಾದಸ್ಥ! ತಂತಿ ನಿಂತ ಕೂಡಲೇ ಬಾಗಿಲು ಹಾಕಿಕೊಳ್ಳುತ್ತದೆ, ಒಂದು ಉಸಿರೂ ಹೊರಗೆ ಹೋಗುವುದಿಲ್ಲ.

ಗೇನ್ ಗುಂಡಿಯನ್ನು ಪೂರ್ತಿ ತಿರುಗಿಸಿದ್ದೇನೆ. ಹಾಗಿಟ್ಟರೆ ತಂತಿಯನ್ನು ಮುಟ್ಟಿದರೂ ಸಾಕು, ತಾನೇ ಹಾಡುತ್ತದೆ. ಬಲ ಹಾಕಿ ಒತ್ತುವುದು ಕಲಿಯುವವರ ಕೆಲಸ.

ಒಂದು ಪವಾಡ ಹೇಳುತ್ತೇನೆ. ಮೊನ್ನೆ ಸತ್ಯಭಾಮಾ ಅಂಗಳದಲ್ಲಿ ಮೇಸ್ತ್ರಿಗಳಿಗೆ ಚಹಾ ಕೊಡುತ್ತಿದ್ದಳು. ಕುದಿಯುವ ಚಹಾ, ಸ್ಟೀಲ್ ಲೋಟ. ಅವರೆಲ್ಲ ಟವೆಲಿನಲ್ಲಿ ಹಿಡಿದರು. ನಾನು ಬರಿಗೈಯಲ್ಲಿ ಹಿಡಿದು ನಿಂತು ಅರ್ಧ ಊರಿನ ಸುದ್ದಿ ಹೇಳಿದೆ. ಆಕೆ "ಚೇತುಲು ಕಾಲಟ್ಲೇದಾ ಮೀಕು?" ಅಂದಳು. ಕೈ ಸುಡುವುದಿಲ್ಲವೇ ಎಂದು! "ಅಮ್ಮಾ, ಇವು ಗಿಟಾರಿಸ್ಟನ ಬೆರಳು, ಉಕ್ಕು" ಅಂದೆ. ಸಂಜೆ ಬೊಬ್ಬೆ ಎದ್ದವು. ಉಕ್ಕಿಗೂ ಬೊಬ್ಬೆ ಏಳುತ್ತವೆ, ಏನು ಮಾಡುವುದು?

ಜೀಡಿಮೆಟ್ಲಾದ ನಮ್ಮ ಫ್ಯಾಕ್ಟರಿಯಲ್ಲಿ ನನಗೆ ಬಡ್ತಿ ಸಿಕ್ಕಿದೆ. ಇಷ್ಟು ವರ್ಷ ತಾಯಪ್ಪನೂ ನಾನೂ ಎಂಥ ಜಿಡ್ಡನ್ನೂ ಕರಗಿಸುವ ಆ ಅಂಟುವಾಸನೆಯ ಸಾಲ್ವೆಂಟಿನಲ್ಲಿ ಪೀಪಾಯಿ ತೊಳೆದೆವು. ಈಗ ನನ್ನನ್ನು ಗೇಟಿನ ಪಕ್ಕ ಕುರ್ಚಿ ಹಾಕಿ ಕೂಡಿಸಿದ್ದಾರೆ. ಬರುವ ಹೋಗುವ ಲಾರಿಗಳಿಗೆ ತಲೆ ಅಲ್ಲಾಡಿಸುವುದು, ಅಷ್ಟೇ. ತಾಯಪ್ಪ ಮಾತ್ರ ಕೆಲಸ ಬಿಟ್ಟು ಊರಿಗೆ ಹೋದ. ಕಾಲು ನೆಲಕ್ಕೆ ಹತ್ತುತ್ತಿಲ್ಲವಂತೆ. ಹೊಸ್ತಿಲ ಮೇಲೆ ಕೂತವನು ಕೂತೇ ಇರುತ್ತಾನಂತೆ. ಮೊದಲಿನಿಂದಲೂ ಅವನು ಸ್ವಲ್ಪ ಮೈಗಳ್ಳ.

ಇನ್ನೂ ತೆಳು ತಂತಿ ಸಿಗುತ್ತದೇನು? ಕೂದಲಿನಂಥದು?

ಇಂತಿ, ಗೇಟಿನ ರಾಜ,
ನಿನ್ನ ಮಾಮಾ

*

ಮಲ್ಕಾಜ್‌ಗಿರಿ
5 ನವೆಂಬರ್ 2006

ಚಿ. ತೇಜಸ್ವಿನಿಗೆ,

ದೀಪಾವಳಿ ದಾಟಿತು, ಗೊತ್ತು. ನೀನು ಕೇಳುವ ಮೊದಲೇ ಹೇಳುತ್ತೇನೆ: ಕರೆಂಟು ಹೋಯಿತು, ಕಂಪ್ಯೂಟರಿಗೆ ಜ್ವರ ಬಂತು, ರೈಲ್ವೆಯವರು ನಮ್ಮ ಹಿತ್ತಲಲ್ಲೇ ಎಂಜಿನ್ ಒದರಿಸಿದರು. ಇಷ್ಟು ನೆಪ ಸಾಕಲ್ಲ?

ಆದರೆ ನಡುವಿನ ಭಾಗ ಮುಗಿದಿದೆ, ಕೇಳು. ಹೊಸ ಶೈಲಿ. ಫ್ಯಾಕ್ಟರಿಯ ಫಿಟ್ಟರನ ಹತ್ತಿರ ಒಂದು ಸಾಕೆಟ್ ಇಸಿದುಕೊಂಡು ಬಂದೆ, ನಟ್ಟು ಬಿಚ್ಚುವ ಆ ಉಕ್ಕಿನ ಕೊಳವೆ. ಅದನ್ನು ಬೆರಳಿಗೆ ಉಂಗುರದ ಹಾಗೆ ಹಾಕಿ ತಂತಿಯ ಮೇಲೆ ಜಾರಿಸುತ್ತೇನೆ. ಒತ್ತುವ ಗೋಜೇ ಇಲ್ಲ. ಅಳುವ ಹೆಂಗಸಿನ ಹಾಗೆ ಕೇಳುತ್ತದೆ. ದೊಡ್ಡ ದೊಡ್ಡವರು ಹೀಗೇ ನುಡಿಸುತ್ತಾರೆ ಎಂದು ನೀನೇ ಒಮ್ಮೆ ಹೇಳಿದ್ದೆ. ದೊಡ್ಡವರಿಗೆ ಹೊಳೆದದ್ದು ನನಗೂ ಹೊಳೆಯಿತು.

ನಿನ್ನ ಅತ್ತಿ ಸುಭದ್ರಾಳಿಗೆ ಕಲೆಯ ಗಂಧವೇ ಇಲ್ಲ. ಬೆಳಗ್ಗೆ ನನ್ನ ಅಂಗಿಯ ಗುಂಡಿ ಹಾಕುತ್ತ, "ಗುಂಡಿ ಹಾಕ್ಕೊಳ್ಳಾಕ ಬರವಲ್ದು, ಗಿಟಾರ್ ಬಾರಸ್ತೀರಿ ಏನ್ರಿ ಮಹಾರಾಜ್ರ?" ಅಂದಳು.

"ರಾಜನಾದ ಮ್ಯಾಲ ಗುಂಡಿ ಯಾಕ ನಾ ಹಾಕ್ಕೊಳ್ಳಲಿ? ಅದಕ್ಕ ನೀ ಅದೀಯಲ್ಲ" ಅಂದೆ.

ಆಕೆ ನಗಲಿಲ್ಲ. ಮೊದಲಾದರೆ ನಗುತ್ತಿದ್ದಳು.

ಕೊನೆಯ ಏರಿಕೆ ಒಂದು ಉಳಿದಿದೆ. ಅದನ್ನು ಸಾಕೆಟ್ಟಿನಿಂದ ನುಡಿಸಲಾಗದು, ಬೆರಳೇ ಬೇಕು. ನಾಲ್ಕು ಬೆರಳೂ ಬೇಕು. ನುಡಿಸುತ್ತೇನೆ. ಅವಸರ ಮಾಡಬೇಡ.

ಅಕ್ಷರ ನೋಡಿ ಕೋಳಿ ಕೆದರಿದೆ ಎಂದು ನಗಬೇಡ. ಪೆನ್ನು ಕೆಟ್ಟಿದೆ.

ನಿನ್ನ ಮಾಮಾ

*

ಪುಣೆ
3 ಡಿಸೆಂಬರ್ 2006

ಮಾಮಾ,

ಈ ಪಾರ್ಸಲಿನಲ್ಲಿರುವುದು ಉಡುಗೊರೆ. ಚಹಾದ ಧಾಟಿ ಪೂರ್ತಿಯಾಗಿದೆ!

ನೀವು ಕಳಿಸಿದ ಡ್ರೈ ಟ್ರ್ಯಾಕುಗಳಿಗೆಲ್ಲ ಸಾಫ್ಟ್‌ವೇರಿನಲ್ಲಿ ಒಂದೇ ಆ್ಯಂಪು ಹಾಕಿ, ಅದರ ಗೇಟನ್ನೂ ಹಾಕಿದೆ. ಈಗ ಎಲ್ಲ ಭಾಗಗಳೂ ಒಂದೇ ದಿನ ನುಡಿಸಿದ ಹಾಗಿವೆ. ಅಲ್ಲಲ್ಲಿ ತಾಳ ಹಿಂದೆಮುಂದೆ ಆಗಿತ್ತು, ಅದನ್ನು ಕಂಪ್ಯೂಟರಿನಲ್ಲಿ ಎಳೆದು ಸರಿಮಾಡಿದೆ. ಸರಿಯಾಗಿ ಮೊಳಗದ ಸ್ವರಗಳ ಜಾಗಕ್ಕೆ ನೀವೇ ಬೇರೆ ಕಡೆ ಚೆನ್ನಾಗಿ ನುಡಿಸಿದ್ದನ್ನು ತಂದು ಕೂಡಿಸಿದೆ. ಕೊನೆಯ ಏರಿಕೆಯನ್ನು ನೀವು ಕಾಗದದಲ್ಲಿ ಬರೆದದ್ದರ ಮೇಲಿಂದ ಊಹಿಸಿಕೊಂಡು ನಾನು ನುಡಿಸಿದೆ, ನಿಮ್ಮ ಗಿಟಾರಿನ ಧ್ವನಿಯೇ ಬರುವ ಹಾಗೆ. ಎಲ್ಲಿ ನೀವು ಮುಗಿದು ಎಲ್ಲಿ ನಾನು ಶುರು ಎಂಬುದು ಯಾರಿಗೂ ತಿಳಿಯುವುದಿಲ್ಲ.

ಇನ್ನು ಕೈಗೆ ವಿಶ್ರಾಂತಿ ಕೊಡಿ. ಸುಮ್ಮನೆ ಕೂತು ಕೇಳಿ.

ತೇಜು

*

ಮಲ್ಕಾಜ್‌ಗಿರಿ
24 ಡಿಸೆಂಬರ್ 2006

ತೇಜಸ್ವಿನಿ,

ಇದು ಯಾರ ಕೈ?

ಸಿಡಿ ಬಂದ ದಿನ ಹೆಡ್‌ಫೋನ್ ಬಿಟ್ಟು ಸ್ಪೀಕರಿಗೆ ಹಾಕಿದೆ. ಸತ್ಯಭಾಮಾಳನ್ನೂ ಕರೆದೆ. ಆಕೆ ಚಪ್ಪಾಳೆ ತಟ್ಟಿ ಹೋದಳು. ನಿನ್ನ ಅತ್ತಿ ಗೋಡೆಗೆ ಒರಗಿ ಪೂರ್ತಿ ಕೇಳಿದಳು. ಆಮೇಲೆ ಮೆಲ್ಲಗೆ ಅಂದಳು: "ಛಲೋ ಐತ್ರಿ. ಆದರ ಇದು ನಿಮ್ದಲ್ಲ."

"ಹ್ಯಾಂಗ ಗೊತ್ತು ನಿನಗ?"

"ಎರಡನೇ ಸಾಲಿಗೆ ಬಂದಾಗ ನೀವು ಒಂದೀಟು ತಡೀತೀರಿ. ಮದುವ್ಯಾದಾಗಿಂದ ಕೇಳಾಕತ್ತೀನಿ, ಒಮ್ಮಿನೂ ತಡೀದ ಬಿಟ್ಟಿಲ್ಲ."

ಕಲೆಯ ಗಂಧವಿಲ್ಲ ಎಂದು ನಾನು ಬರೆದದ್ದು ಇವಳ ಬಗ್ಗೆ!

ಆ ತಡೆ ಯಾಕೆ ಬಂತು, ಗೊತ್ತೇ? ಪೆಂಡಾಲಿನ ಹಿಂದೆ ಚಹಾದ ಬಂಡಿ ಇರುತ್ತಿತ್ತು. ಎರಡನೇ ಸಾಲಿಗೆ ಬರುವಾಗ ಹಾಡುವವರು ಎದ್ದರೋ ಇಲ್ಲವೋ ಎಂದು ನಾನು ಹೊರಳಿ ನೋಡುತ್ತಿದ್ದೆ. ಕೈ ಅಲ್ಲಿ ಒಂದು ಗಳಿಗೆ ನಿಲ್ಲುತ್ತಿತ್ತು. ಆಮೇಲೆ ಬಂಡಿ ಹೋಯಿತು, ಪೆಂಡಾಲು ಹೋಯಿತು, ಹಾಡುವವರಲ್ಲಿ ಅರ್ಧ ಜನ ಮಣ್ಣಿಗೆ ಹೋದರು. ಆದರೂ ನನ್ನ ಕೈ ಅಲ್ಲಿ ಹೊರಳಿ ನೋಡುತ್ತದೆ. ನೀನು ಅದನ್ನು ತಪ್ಪು ಎಂದು ತಿಳಿದು ಇಸ್ತ್ರಿ ಹೊಡೆದಿದ್ದೀ.

ಮೊಳಗದ ಸ್ವರಕ್ಕೆ ಮೊಳಗುವ ಸ್ವರ ತಂದು ಹಚ್ಚಿದೆ. ಕೊನೆಗೆ ನಿನ್ನ ಬೆರಳು ತಂದು ಹಚ್ಚಿದೆ. ಹಾಗಾದರೆ ನಾನು ಎಲ್ಲಿದ್ದೇನೆ ಅದರಲ್ಲಿ? ಹೀಗೇ ಇದ್ದರೆ ನಾಳೆ ಕೇಳುವವರು ಕಲ್ಯಾಣಪ್ಪನ ಕೈ ಚೆನ್ನಾಗಿತ್ತು ಅನ್ನುತ್ತಾರೆ. ಅದು ಯಾವ ಕಲ್ಯಾಣಪ್ಪನೋ!

ಇದ್ದದ್ದನ್ನು ಇದ್ದ ಹಾಗೆ ತಿರುಗಿ ಹಾಕು. ಕೊನೆ ನಾನೇ ನುಡಿಸುತ್ತೇನೆ. ಸಂಕ್ರಾಂತಿ ಕಳೆಯಲಿ.

ಕಲ್ಯಾಣಪ್ಪ

*

ಪುಣೆ
21 ಜನವರಿ 2007

ಮಾಮಾ,

ನೀವು ಹೇಳಿದ ಹಾಗೆ ಇದ್ದದ್ದನ್ನು ಇದ್ದ ಹಾಗೆ ಹಾಕಲು ಕೂತೆ. ಸಾಫ್ಟ್‌ವೇರಿನ ಆ್ಯಂಪು, ಗೇಟು ಎಲ್ಲ ತೆಗೆದು, ಮೊದಲ ಸಲ ಬರೀ ಡ್ರೈ ಟ್ರ್ಯಾಕುಗಳನ್ನು ದೊಡ್ಡದಾಗಿ ಇಟ್ಟುಕೊಂಡು ಕೇಳಿದೆ. ಅಲ್ಲಿಯ ತನಕ ತಂತಿ ಮೊಳಗದ ಕಡೆಯೆಲ್ಲ ಗೇಟು ಬಾಗಿಲು ಹಾಕಿತ್ತು. ಅದು ಖಾಲಿ ಎಂದೇ ತಿಳಿದಿದ್ದೆ.

ಅದು ಖಾಲಿ ಇಲ್ಲ, ಮಾಮಾ. ನಿಮ್ಮ ಹಳೇ ಪಿಕಪ್ ಇನ್ನೂ ಮಾತು ಹಿಡಿಯುತ್ತದೆ.

ಸಣ್ಣ ಧ್ವನಿ, ಬಾವಿಯೊಳಗಿನಿಂದ ಬಂದ ಹಾಗೆ. ನೀವು ಗಿಟಾರಿನ ಮೇಲೆ ಬಾಗಿ ನಿಮ್ಮ ಬೆರಳನ್ನು ಬೈಯುತ್ತಿದ್ದೀರಿ. "ಒತ್ತೋ ಮಗನ, ಒತ್ತೋ." ಬೈದು ಬೈದು ಆಮೇಲೆ ಅದಕ್ಕೆ ಕೈಮುಗಿಯುವವರ ಹಾಗೆ, "ಇದೊಂದು ಸರ್ತಿ ಒತ್ತಪಾ" ಅನ್ನುತ್ತೀರಿ. ಅಕ್ಟೋಬರಿನ ಒಂದು ಟ್ರ್ಯಾಕಿನಲ್ಲಿ ಒಂದು ಸ್ವರವೂ ಇಲ್ಲ. ನೀವು ಕೇಳುತ್ತೀರಿ, "ಸುಭದ್ರಾ, ಬೆರಳು ತಂತಿ ಮ್ಯಾಲ ಐತೇನು ನೋಡು." ಅತ್ತಿ ಹತ್ತಿರ ಬಾಗಿದ್ದಾಳೆ, ಅವಳ ಬಳೆ ತಂತಿಗೆ ತಾಗಿ ಮೊಳಗುತ್ತದೆ. "ಐತಿ, ಐತಿ. ಒತ್ರಿ" ಅನ್ನುತ್ತಾಳೆ. ನೀವು ಒತ್ತುತ್ತೀರಿ. ಏನೂ ಬರುವುದಿಲ್ಲ. ಅವಳು ಮತ್ತೆ "ಐತ್ರಿ" ಅನ್ನುತ್ತಾಳೆ.

ತೆಳು ತಂತಿ, ಪೂರ್ತಿ ಗೇನ್, ಸಾಕೆಟ್. ಕೇಳಿದ್ದನ್ನೆಲ್ಲ ಕಳಿಸುತ್ತ, ಹೇಳಿದ್ದಕ್ಕೆಲ್ಲ ನಗುತ್ತ ಕೂತಿದ್ದೆ. ಬಡ್ತಿ ಅಂದಿರಿ, ಅದನ್ನೂ ನಂಬಿದೆ.

ಶುಕ್ರವಾರದ ರೈಲಿಗೆ ಬರುತ್ತೇನೆ. ನಿಮ್ಮನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಹಾರಿಕೆಯ ಮಾತು ಆಡಬೇಡಿ.

ತೇಜು

*

ಮಲ್ಕಾಜ್‌ಗಿರಿ
1 ಮಾರ್ಚ್ 2007

ಚಿ. ತೇಜುಗೆ ಮಾಮಾನ ಆಶೀರ್ವಾದ.

ಅಕ್ಷರ ಚೆಂದ ಇದೆ ಎಂದು ಮೋಸ ಹೋಗಬೇಡ. ನಾನು ಹೇಳುತ್ತಿದ್ದೇನೆ, ನಿನ್ನ ಅತ್ತಿ ಬರೆಯುತ್ತಿದ್ದಾಳೆ. ನಾನು ಹೇಳಿದ್ದರಲ್ಲಿ ಅರ್ಧ ನುಂಗುತ್ತಾಳೆ. (ನುಂಗಿಲ್ಲ. ಬೈಗುಳ ಬಿಟ್ಟಿದ್ದೇನೆ. ಸುಭದ್ರಾ.)

ಆ ಪಿಕಪ್ಪು ದ್ರೋಹಿ. ಒಂದು ಕಾಲಕ್ಕೆ ಅದರಲ್ಲಿ ಚಾಯ್ ಚಾಯ್ ಎಂದು ಕೂಗಿ ಪೆಂಡಾಲು ನಗಿಸಿದವನು ನಾನೇ. ಗೇಟು ಹಾಕಿದ್ದೇನೆ, ಮಾನ ಉಳಿಯಿತು ಅಂದುಕೊಂಡಿದ್ದೆ. ನೀನು ಹಿತ್ತಲ ಬಾಗಿಲಿನಿಂದ ಬಂದೆ.

ನೀನು ಬಂದು ಆಸ್ಪತ್ರೆಗೆ ತೋರಿಸಿ ಪುಣೆಗೆ ತಿರುಗಿ ಹೋದ ಮೇಲೆ ಡಾಕ್ಟರ್ ಇನ್ನೊಮ್ಮೆ ಕರೆಸಿದ್ದರು. ಕಾಲಿಗೂ ಕೈಗೂ ಸೂಜಿ ಚುಚ್ಚಿ ನೋಡಿದರು. "ಚುಚ್ಚಿದ್ದು ಗೊತ್ತಾಯಿತಾ?" ಅಂದರು. "ಚುಚ್ಚಿದಿರಾ?" ಅಂದೆ. ಪಕ್ಕದ ನರ್ಸಮ್ಮ ನಕ್ಕಳು, ಡಾಕ್ಟರ್ ನಗಲಿಲ್ಲ. ನರಗಳನ್ನು ಆ ಸಾಲ್ವೆಂಟು ತಿಂದಿದೆ, ಸ್ವಲ್ಪ ತಿರುಗಿ ಬಂದರೂ ಬರಬಹುದು, ಗಿಟಾರಿನಷ್ಟು ಬರುವುದಿಲ್ಲ ಅಂದರು. ಫ್ಯಾಕ್ಟರಿಯವರು ನನ್ನನ್ನು ಮನೆಗೆ ಕಳಿಸಿ ಕುರ್ಚಿಯನ್ನೂ ಒಳಗೆ ಇಟ್ಟುಕೊಂಡರು. ತಾಯಪ್ಪನನ್ನು ಮೈಗಳ್ಳ ಅಂದಿದ್ದೆ. ಆ ಮಾತನ್ನು ಹೊಡೆದುಹಾಕು.

ಈಗ ಧಾಟಿಯ ಮಾತು. ಬಂದಾಗ ಎರಡು ಸಲ ಕೇಳಿದೆ ನೀನು, "ಕೊನೆ ಹ್ಯಾಂಗಿತ್ತು ಮಾಮಾ, ಬಾಯಿಲೆ ಹಾಡಿ ತೋರಸ್ರಿ" ಎಂದು. ನಾನು ಕೆಮ್ಮಿದೆ. ಕೊನೆ ಇದ್ದರಲ್ಲವೇ ಹಾಡುವುದು?

ಚಹಾದ ಧಾಟಿಗೆ ಕೊನೆ ಇರಲೇ ಇಲ್ಲ, ತಂಗಿ. ಹಾಡುವವರು ಚಹಾ ಮುಗಿಸಿ ವೇದಿಕೆ ಹತ್ತಿದರೆ ನಾನು ಎಲ್ಲಿರುತ್ತೇನೋ ಅಲ್ಲೇ ಕೈ ಎತ್ತಬೇಕು. ಒಂದೊಂದು ದಿನ ಎರಡನೇ ಸಾಲಿನಲ್ಲೇ, ಒಂದೊಂದು ದಿನ ಅದಕ್ಕೂ ಮೊದಲೇ. ಆ ಭಾರಿ ಏರಿಕೆ ಎಂಬುದನ್ನು ಈ ವರ್ಷವೇ ಕಟ್ಟಬೇಕೆಂದು ಕೂತಿದ್ದೆ. ಯಾರೂ ತಡೆಯುವವರಿಲ್ಲ, ಈಗಲಾದರೂ ಕೊನೆ ಮುಟ್ಟಿಸೋಣ ಎಂದು. ತಲೆಯಲ್ಲಿ ಬಂದಿತ್ತು. ಕೈಗೆ ಬರಲಿಲ್ಲ.

ಆದ್ದರಿಂದ ನೀನು ಹಚ್ಚಿದ ಕೊನೆ ತೆಗೆ. ಕೋಪದಿಂದಲ್ಲ, ಚೆನ್ನಾಗಿ ನುಡಿಸಿದ್ದೀ, ನನ್ನ ಶಿಷ್ಯೆಯಲ್ಲವೇ? ಅದನ್ನು ನಿನ್ನ ಹೆಸರಿನಲ್ಲಿ ಬೇರೆ ಇಟ್ಟುಕೋ. ನನ್ನದನ್ನು ನನ್ನ ಕೈ ನಿಂತಲ್ಲೇ ನಿಲ್ಲಿಸು. ಮೆಲ್ಲಗೆ ಮೆಲ್ಲಗೆ ಧ್ವನಿ ಇಳಿಸುವುದೆಲ್ಲ ಬೇಡ. ಪಟ್ಟನೆ. ಹಾಡುವವರು ಬಂದರು ಎಂದು ತಿಳಿದುಕೋ.

ತಡೆ ಇರಲಿ. ಮೊಳಗದ ಸ್ವರ ಮೊಳಗದೇ ಇರಲಿ. ನನ್ನ ಬೈಗುಳ ತೆಗೆದುಹಾಕು, ಬೆರಳಿಗೆ ಕೈಮುಗಿದದ್ದನ್ನಂತೂ ತೆಗೆ. ಆದರೆ ಕಟ್ಟಕಡೆಗೆ, ತಂತಿ ನಿಂತ ಮೇಲೆ, ನಿನ್ನ ಅತ್ತಿ "ಐತಿ, ಐತಿ" ಅಂದಳಲ್ಲ, ಅದೊಂದು ಇರಲಿ.

(ಇದನ್ನು ಬರೆಯುವುದಿಲ್ಲ ಅಂದೆ. ಗಂಟುಬಿದ್ದರು. ಬರೆದೆ.)

ಇಂತಿ, ಬಡ್ತಿ ಮುಗಿದ,
ಕಲ್ಯಾಣಪ್ಪ ಮಾಮಾ

*

ಮಲ್ಕಾಜ್‌ಗಿರಿ
15 ಏಪ್ರಿಲ್ 2007

ಚಿ. ತೇಜಸ್ವಿನಿಗೆ ಅತ್ತಿಯ ಆಶೀರ್ವಾದ.

ಸಿಡಿ ಬಂತು. ನಿನ್ನ ಮಾಮಾ ಕಾಗದ ಹೇಳಿ ಬರೆಸಲು ಒಲ್ಲೆ ಅಂದರು. ಏನು ಹೇಳಬೇಕು, ಅದರಲ್ಲೇ ಎಲ್ಲ ಇದೆ ಅಂದರು. ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ಈಗ ಮೆಟ್ಟಿಲು ಇಳಿಯುವುದಿಲ್ಲ. ಗಿಟಾರನ್ನು ತೊಡೆಯ ಮೇಲೆ ಇಡು ಅನ್ನುತ್ತಾರೆ, ಇಡುತ್ತೇನೆ. ನುಡಿಸುವುದಿಲ್ಲ. ಮೇಲಿನ ಮಹಡಿ ಮುಗಿದು ಹುಡುಗರು ಬಂದಿದ್ದಾರೆ. ಬೀದಿಯೆಲ್ಲ ಅವರ ಮೋಟರ್‌ಸೈಕಲ್ಲು. ಅವರಲ್ಲಿ ಒಬ್ಬ ಗಿಟಾರ್ ನೋಡಿ, "ಅಂಕಲ್, ಏನಾದ್ರೂ ನುಡಿಸಿ" ಅಂದ. "ಈಗ ಚಹಾದ ಹೊತ್ತು, ಆಮ್ಯಾಲ ಬಾ" ಎಂದು ಹೇಳಿ ಕಳಿಸಿದರು.

ದಿನಾ ಸಂಜೆ ಸಿಡಿ ಹಾಕು ಅನ್ನುತ್ತಾರೆ. ನಾನು ಹಾಕಿ, ಒಲೆಯ ಮೇಲೆ ಚಹಾಕ್ಕೆ ಇಡುತ್ತೇನೆ. ಎರಡನೇ ಸಾಲಿನ ತಡೆ ಬಂದಾಗ ಅಡುಗೆಮನೆಯ ಕಡೆ ಹೊರಳಿ ನೋಡುತ್ತಾರೆ. ಧಾಟಿ ಪಟ್ಟನೆ ನಿಲ್ಲುತ್ತದೆ. ನನ್ನ ಧ್ವನಿ ಬರುತ್ತದೆ, ನನಗೆ ಅದನ್ನು ಕೇಳಲು ಆಗುವುದಿಲ್ಲ. ಆಗ ಇವರು ಚಹಾಕ್ಕೆ ಕೈ ಚಾಚುತ್ತಾರೆ.

ಲೋಟವನ್ನು ಕೈಗೆ ಕೊಡುವುದಿಲ್ಲ. ಬಿಸಿ ಎಷ್ಟಿದೆ ಎಂದು ಮೊದಲು ನನ್ನ ತುಟಿಗೆ ಹಚ್ಚಿ ನೋಡಿ, ಆಮೇಲೆ ಅವರ ಬಾಯಿಗೆ ಹಿಡಿಯುತ್ತೇನೆ.

ನಿನ್ನ ಅತ್ತಿ,
ಸುಭದ್ರಾ